ನಿಂತ ಎಂಜಿನ್ ಮತ್ತೆ ತಿರುಗೀತೆ?

ಹಳೆಯ ಕಾರು ಎಂದ ಕೂಡಲೇ ಮೈಸೂರು ಅರಮನೆಯ ರೋಲ್ಸ್‌ರಾಯ್ಸ್ ನೆನಪಾಗುತ್ತದೆ. ಇಲ್ಲವೇ ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ, ಮಿರಮಿರ ಮಿಂಚುವ ವಾಹನಗಳು ಕಣ್ಣ ಮುಂದೆ ಬರುತ್ತವೆ. ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಅಂಥ ರಾಜವೈಭವದ ಕಾರುಗಳನ್ನು ಹುಡುಕಿ ಫಲವಿಲ್ಲ. ನರಗುಂದ ಸಂಸ್ಥಾನ ಬ್ರಿಟಿಷರ ವಶವಾದದ್ದು 1858ರಲ್ಲಿ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಕಾರು ಹುಟ್ಟುವ ಇಪ್ಪತ್ತೆಂಟು ವರ್ಷ ಮೊದಲೇ ಇಲ್ಲಿಯ ಅರಮನೆ ಬರಿದಾಗಿತ್ತು.

ಈ ಸೀಮೆಗೆ ಮೋಟಾರು ಬಂದದ್ದು ಮೆರೆಯಲಿಕ್ಕಲ್ಲ, ದುಡಿಯಲಿಕ್ಕೆ. ಗದಗ–ಹುಟಗಿ ರೈಲು ಮಾರ್ಗ 1884ರಷ್ಟು ಹಿಂದೆಯೇ ರೋಣ ತಾಲ್ಲೂಕಿನ ಹೊಳೆ ಆಲೂರನ್ನು ಮುಟ್ಟಿತಾದರೂ ನರಗುಂದ ಮತ್ತು ಗಜೇಂದ್ರಗಡದ ಪೇಟೆಗಳು ಹಳಿಯಿಂದ ದೂರವೇ ಉಳಿದವು. ಹತ್ತಿ, ಕಡಲೆ, ಮೆಣಸಿನಕಾಯಿ ವ್ಯಾಪಾರಕ್ಕೆ ಗದಗಿಗೋ ಹುಬ್ಬಳ್ಳಿಗೋ ಹೋಗಿಬರಲು ರಸ್ತೆಯೇ ಗತಿ. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಯಲ್ಲಿ ಚಕ್ಕಡಿಯ ಗಾಲಿಯೂ ಹೂತು ನಿಲ್ಲುವಾಗ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡುವ ಜೀಪು ಹೇಳಿ ಮಾಡಿಸಿದ ವಾಹನವಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ, ಮಹೀಂದ್ರ ಕಂಪನಿ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಪ್ರೀಮಿಯರ್ ಕಂಪನಿಯ ಫಿಯಟ್ 1100, ಹಿಂದುಸ್ತಾನ್ ಮೋಟಾರ್ಸ್‌ನ ಲ್ಯಾಂಡ್‌ಮಾಸ್ಟರ್, ಅದರ ಬೆನ್ನಿಗೆ 1950ರ ದಶಕದ ಕೊನೆಯಲ್ಲಿ ಅಂಬಾಸಡರ್ ಬಂದವು. ಊರಿಗೊಂದು ಎರಡು ಎಂಬಂತೆ ವಾಡೆಗಳ ಮುಂದೆ, ದಲಾಲಿ ಅಂಗಡಿಗಳ ಮುಂದೆ, ಡಾಕ್ಟರರ ಮನೆಯ ಮುಂದೆ ನಿಂತವು ಇವೇ. ಮದುವೆಯ ದಿಬ್ಬಣಕ್ಕೂ ಅವೇ, ಹೆರಿಗೆಯ ತುರ್ತಿಗೂ ಅವೇ.

ಅವುಗಳ ಪೈಕಿ ಉಳಿದವು ಇಂದು ಹಿತ್ತಲ ತಗಡಿನ ಶೆಡ್ಡಿನಲ್ಲಿ, ಹೊಟ್ಟು ಮೇವಿನ ಮಗ್ಗುಲಲ್ಲಿ ನಿಂತಿವೆ. ಬಾನೆಟ್ ಎತ್ತಿದರೆ ಇಲಿಯ ಗೂಡು. ಟೈರು ಮಣ್ಣಿಗೆ ಅಂಟಿಕೊಂಡಿರುತ್ತದೆ. ಇಂಥ ಗಾಡಿಗೆ ಈವರೆಗೆ ಕಾಣುತ್ತಿದ್ದದ್ದು ಎರಡೇ ದಾರಿ. ಒಂದು ಗುಜರಿ. ಇನ್ನೊಂದು, ಹಳೆಯ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುವುದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ದರ ಏರುತ್ತ ಹೋದಂತೆ ಈ ಎರಡನೆಯ ದಾರಿ ರೂಢಿಯೇ ಆಯಿತು. ಮೆಟಡಾರಿನ ಎಂಜಿನ್ ಹೊತ್ತ ಅಂಬಾಸಡರ್‌ಗಳು ರಾಜ್ಯದ ರಸ್ತೆಗಳಲ್ಲಿ ಬಹಳ ಕಾಲ ಓಡಿದವು. ಅಂದಿನ ಲೆಕ್ಕಕ್ಕೆ ಅದು ತಪ್ಪೇನಲ್ಲ. ಹೊಟ್ಟೆಪಾಡಿನ ಗಾಡಿಗೆ ಮೈಲೇಜ್ ಮುಖ್ಯ.

ಆದರೆ ಲೆಕ್ಕ ಈಗ ಬದಲಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ‘ವಿಂಟೇಜ್’ ವಾಹನ ಎಂದರೆ ಯಾವುದು ಎಂಬುದನ್ನು ಮೊದಲ ಬಾರಿಗೆ ಸ್ಪಷ್ಟಪಡಿಸಿತು. 50 ವರ್ಷ ದಾಟಿದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ಖಾಸಗಿ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ. ನೋಂದಣಿಯ ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಇರುತ್ತದೆ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆಂದು ಮಾತ್ರ ರಸ್ತೆಗೆ ತರಬಹುದು. ಅಂದರೆ 1960ರ ಅಂಬಾಸಡರ್ ತನ್ನ ಹುಟ್ಟಿನ ಎಂಜಿನ್ನಿನೊಂದಿಗೆ ಇದ್ದರೆ ಅದು ಪರಂಪರೆಯ ವಸ್ತು. ಆ ಎಂಜಿನ್ ಗುಜರಿಗೆ ಹೋಗಿ ಬೇರೊಂದು ಕೂತಿದ್ದರೆ ಅದು ಬರೀ ಹಳೆಯ ಕಾರು. ಬಣ್ಣ, ಸೀಟು, ಲೈಟುಗಳನ್ನು ಯಾವಾಗ ಬೇಕಾದರೂ ಹೊಸದಾಗಿ ಮಾಡಿಸಬಹುದು. ಎಂಜಿನ್ ಹೋದರೆ ಹೋಯಿತು.

ನಿಂತರೇಕೆ ಕೆಡುತ್ತದೆ?

ಓಡಿದ ಎಂಜಿನ್ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿಂತ ಎಂಜಿನ್ ಅದಕ್ಕಿಂತ ಬೇಗ ಕೆಡುತ್ತದೆ ಎಂಬುದನ್ನು ನಂಬುವವರು ಕಡಿಮೆ. ಕಾರಣ ತಿಳಿಯಲು ಒಳಗಿನ ರಚನೆಯನ್ನು ಸ್ವಲ್ಪ ನೋಡಬೇಕು.

ಬೀಡು ಕಬ್ಬಿಣದ ಒಂದು ದಿಮ್ಮಿ. ಅದರಲ್ಲಿ ಕೊರೆದ ನಾಲ್ಕು ಕೊಳವೆಗಳು. ಇವೇ ಸಿಲಿಂಡರುಗಳು. ಪ್ರತಿಯೊಂದರೊಳಗೆ ಅಲ್ಯುಮಿನಿಯಂ ಮಿಶ್ರಲೋಹದ ಪಿಸ್ಟನ್, ಅದರ ಸೊಂಟಕ್ಕೆ ಬಳೆಗಳಂತೆ ತೊಡಿಸಿದ ರಿಂಗುಗಳು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲೆ ಕೆಳಗೆ ಓಡಾಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಇರುವುದು ಎಣ್ಣೆಯ ತೆಳು ಪದರ. ಗಾಡಿ ನಿಂತಾಗ ಆ ಎಣ್ಣೆ ಮೆಲ್ಲಗೆ ಕೆಳಗಿಳಿಯುತ್ತದೆ. ಎಂಜಿನ್ ಯಾವ ಭಂಗಿಯಲ್ಲಿ ನಿಂತರೂ ಯಾವುದಾದರೊಂದು ಸಿಲಿಂಡರಿನ ವಾಲ್ವ್ ತೆರೆದಿರುವುದು ಸಾಮಾನ್ಯ. ಆ ಬಾಗಿಲಿನಿಂದ ಹೊರಗಿನ ಗಾಳಿ, ಮಳೆಗಾಲದ ತೇವ, ಚಳಿಗಾಲದ ಬೆಳಗಿನ ಇಬ್ಬನಿ ಒಳಗೆ ಹೋಗುತ್ತವೆ. ರಿಂಗಿಗೂ ಸಿಲಿಂಡರಿಗೂ ಮಧ್ಯೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತುವಾದ್ದರಿಂದ ಪಿಸ್ಟನ್ ಬೆಣೆ ಹೊಡೆದಂತೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಎಂಜಿನ್ ‘ಜಾಮ್’ ಆಯಿತು.

ಸೀಮೆಯ ಗುಣವೂ ಸೇರುತ್ತದೆ. ಎರೆಭೂಮಿಯ ನುಣುಪು ಧೂಳು ಹಳೆಯ ಎಣ್ಣೆಯ ಜೊತೆ ಬೆರೆತರೆ ಅದು ಸಾಣೆಯ ಲೇಪದಂತೆ ಉಜ್ಜುತ್ತದೆ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದರೆ ಚಹಾ ಪಾತ್ರೆಯ ತಳದಲ್ಲಿ ಕೂಡುವಂಥ ಬಿಳಿ ಪದರ ಎಂಜಿನ್ನಿನ ನೀರಿನ ಹಾದಿಯಲ್ಲೂ ಕೂತಿರುತ್ತದೆ. ಅದು ಹೆಚ್ಚಾಗಿ ಸೇರುವುದು ಹಿಂಭಾಗದ ಸಿಲಿಂಡರಿನ ಸುತ್ತ. ಹೊರಗೆ ರೇಡಿಯೇಟರ್ ತೊಳೆದು ಕೈಬಿಟ್ಟರೆ ಈ ಕೆಸರು ಹೋಗುವುದಿಲ್ಲ.

ಮೊದಲ ದಿನದ ಅವಸರ

ಹಳೆಯ ಎಂಜಿನ್‌ಗಳನ್ನು ಕೊಲ್ಲುವುದು ಬಹುಮಟ್ಟಿಗೆ ಉತ್ಸಾಹ. ಹೊಸ ಬ್ಯಾಟರಿ ತಂದು ಕೀ ತಿರುಗಿಸುವುದು, ಅದಾಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ ಗೇರಿಗೆ ಹಾಕುವುದು. ಕಚ್ಚಿಕೊಂಡ ರಿಂಗು ಆಗ ಪಟ್ಟನೆ ಮುರಿಯುತ್ತದೆ, ಚೂರು ಸಿಲಿಂಡರನ್ನು ಗೀರುತ್ತದೆ. ಅಂಟಿಕೊಂಡ ವಾಲ್ವಿಗೆ ತಾಗಿ ಪುಶ್‌ರಾಡ್ ಬಾಗುತ್ತದೆ. ಹತ್ತು ದಿನ ಕಾದಿದ್ದರೆ ಡೀಸೆಲ್ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಲೇತ್ ಅಂಗಡಿಗೆ ಹೋಗುತ್ತದೆ.

ಮೊದಲ ದಿನ ಮಾಡಬೇಕಾದದ್ದು ನೋಡುವುದು, ಬರೆದಿಡುವುದು. ಈಗ ಕೈಯಲ್ಲೇ ಫೋನು ಇರುವುದರಿಂದ ಪ್ರತಿ ವೈರು, ಪ್ರತಿ ಪೈಪಿನ ಚಿತ್ರ ತೆಗೆದಿಡುವುದು ಸುಲಭ. ಬ್ಯಾಟರಿಯ ತಂತಿ ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಎಣ್ಣೆಯ ಕಡ್ಡಿ ಎಳೆದು ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ ಎಂದರ್ಥ. ಬಹುಶಃ ಹೆಡ್ಡಿನ ಪ್ಯಾಕಿಂಗ್ ಹೋಗಿದೆ, ಇಲ್ಲವೇ ಎಲ್ಲೋ ಬಿರುಕಿದೆ.

ಅನಂತರ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ಮಾಡಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಬೆರೆಸಿ ಸಣ್ಣ ಬಟ್ಟಲಿನಷ್ಟು ಪ್ರತಿಯೊಂದಕ್ಕೂ ಬಿಡಬೇಕು. ಹಿಂದೆ ಇದಕ್ಕೆ ಚಿಮಣಿ ಎಣ್ಣೆ ಬಳಸುತ್ತಿದ್ದರು. ಅದೀಗ ಸಿಗುವುದೇ ಅಪರೂಪ. ಬಿಟ್ಟ ಎಣ್ಣೆ ಮರುದಿನ ಇಳಿದುಹೋಗಿದ್ದರೆ ಮತ್ತೆ ಬಿಡಬೇಕು. ಒಂದು ವಾರ, ಎರಡು ವಾರ, ಕೆಲವೊಮ್ಮೆ ತಿಂಗಳು. ತುಕ್ಕಿನ ಸಂದಿಯಲ್ಲಿ ಎಣ್ಣೆ ನುಸುಳುವ ವೇಗವನ್ನು ಯಾರೂ ಹೆಚ್ಚಿಸಲಾರರು.

ಇಲ್ಲಿ ಹಳೆಯ ಗಾಡಿಗಳ ಒಂದು ಸೌಕರ್ಯ ನೆರವಿಗೆ ಬರುತ್ತದೆ. ಜೀಪು, ಫಿಯಟ್, ಅಂಬಾಸಡರ್‌ಗಳ ಮೂತಿಯಲ್ಲಿ ಹ್ಯಾಂಡಲ್ ಹಾಕುವ ತೂತಿದೆ. ಹ್ಯಾಂಡಲ್ಲಿನಿಂದ ಎಂಜಿನ್ನನ್ನು ತಿರುಗಿಸಲು ಹೋಗದೆ, ಕೂದಲೆಳೆಯಷ್ಟು ಆ ಕಡೆ ಈ ಕಡೆ ಅಲುಗಿಸಲು ನೋಡಬೇಕು. ಹ್ಯಾಂಡಲ್ ಒಂದೇ ದಿಕ್ಕಿಗೆ ಹಿಡಿಯುತ್ತದಾದ್ದರಿಂದ ಹಿಂದಕ್ಕೆ ಅಲುಗಿಸಲು ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಅದನ್ನೇ ಕೈಯಿಂದ ತೂಗಿದರಾಯಿತು. ಜಾಕಿನ ಜೊತೆಗೆ ಗಟ್ಟಿ ಮರದ ದಿಮ್ಮಿಯ ಆಸರೆ ಇರಲೇಬೇಕು. ಒಂದು ದಿನ ‘ಟಕ್’ ಎಂಬ ಸಣ್ಣ ಸಪ್ಪಳದೊಂದಿಗೆ ಎಂಜಿನ್ ಎರಡು ಬೆರಳಿನಷ್ಟು ಸರಿಯುತ್ತದೆ. ಅಲ್ಲಿಗೆ ಅರ್ಧ ಯುದ್ಧ ಗೆದ್ದಂತೆ.

ಗಿರಣಿಯಿಂದ ಗ್ಯಾರೇಜಿಗೆ

ಇಂಥ ಕೆಲಸಕ್ಕೆ ದೊಡ್ಡ ನಗರದ ತಜ್ಞರೇ ಬೇಕೆಂದು ತಿಳಿಯುವುದು ತಪ್ಪು. ಈ ಸೀಮೆಯ ಕೈಗಳಿಗೆ ಎಂಜಿನ್ ಹೊಸದಲ್ಲ. ಭಾರತದ ಯಂತ್ರೋದ್ಯಮಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ; ನರಗುಂದಕ್ಕೆ ನೆರೆಯ ಸವದತ್ತಿ ಭಾಗದಲ್ಲೇ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು ಅವರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಕರೆಂಟು ಬಾರದ ಊರುಗಳಲ್ಲಿ ಹಿಟ್ಟಿನ ಗಿರಣಿ ತಿರುಗಿಸಿದ್ದು, ಬಾವಿಯಿಂದ ನೀರೆತ್ತಿದ್ದು ಇಂಥ ಎಂಜಿನ್‌ಗಳೇ. ಅವು ಕೆಟ್ಟರೆ ಊರಿಗೆ ಹಿಟ್ಟಿಲ್ಲ. ಆದ್ದರಿಂದ ಹೆಡ್ ಇಳಿಸುವುದು, ವಾಲ್ವ್ ಉಜ್ಜುವುದು, ರಿಂಗ್ ಬದಲಿಸುವುದು ಹಳ್ಳಿಯ ಮಿಸ್ತ್ರಿಯ ದಿನನಿತ್ಯದ ವಿದ್ಯೆಯಾಗಿತ್ತು. ರಟ್ಟನ್ನು ಕಬ್ಬಿಣದ ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತದ್ರೂಪ ಪ್ಯಾಕಿಂಗ್ ಕತ್ತರಿಸಿ ತೆಗೆಯುವ ಕೈಚಳಕ ಯಾವ ಪುಸ್ತಕದಿಂದಲೂ ಬರುವಂಥದಲ್ಲ. ವಿದ್ಯುತ್ ಪಂಪು ಬಂದ ಮೇಲೆ, ಕಂಪ್ಯೂಟರ್ ಹಚ್ಚಿ ದೋಷ ಹುಡುಕುವ ಕಾರುಗಳು ಬಂದ ಮೇಲೆ, ಈ ವಿದ್ಯೆಗೆ ಗಿರಾಕಿ ಕಡಿಮೆಯಾದರು. ಹಳೆಯ ಕಾರನ್ನು ಎಬ್ಬಿಸಲು ಹೊರಟವರು ಮೊದಲು ಹುಡುಕಬೇಕಾದದ್ದು ಬಿಡಿಭಾಗವನ್ನಲ್ಲ, ಅಂಥ ಒಬ್ಬ ಹಿರಿಯ ಮಿಸ್ತ್ರಿಯನ್ನು.

ಹೆಡ್ ಇಳಿಸುವಾಗ ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು; ಮತ್ತೆ ಕೂಡಿಸುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಇಲ್ಲವಾದರೆ ಹೆಡ್ ಡೊಂಕಾಗುತ್ತದೆ. ಹಳೆಯ ಪ್ಯಾಕಿಂಗ್‌ಗಳಲ್ಲಿ ತಾಮ್ರದ ನಡುವೆ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಣಗಿದ್ದಾಗ ಕೆರೆಯದೆ, ನೀರು ಹಚ್ಚಿ ಒದ್ದೆಯಾಗಿಯೇ ತೆಗೆಯಬೇಕು.

ವಾಲ್ವಿನ ಕೆಲಸ ಮನೆಯಲ್ಲೇ ಆಗುವಂಥದು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಕಡೆಗೋಲಿನಂತೆ ತಿರುವುತ್ತ ಹೋದರೆ ವಾಲ್ವಿನ ಅಂಚಿನಲ್ಲಿ ಬೂದು ಬಣ್ಣದ ಒಂದು ಉಂಗುರ ಮೂಡುತ್ತದೆ. ಅದು ಎಲ್ಲೂ ತುಂಡಾಗದೆ ಒಂದೇ ಅಗಲಕ್ಕಿದ್ದರೆ ಸರಿ. ಪರೀಕ್ಷೆ ಸುಲಭ: ಅಂಬಾಸಡರ್ ಅಥವಾ ಫಿಯಟ್‌ನ ಹೆಡ್ಡನ್ನು ಬೋರಲು ಮಾಡಿ, ಪ್ಲಗ್ ಹಾಕಿ, ಗುಳಿಗೆ ಡೀಸೆಲ್ ತುಂಬಿ ಅರ್ಧ ಗಂಟೆ ಬಿಡುವುದು. ಪಕ್ಕದ ತೂತಿನಲ್ಲಿ ಒಸರು ಕಂಡರೆ ಮತ್ತೆ ಉಜ್ಜಬೇಕು. ಹಳೆಯ ವಿಲ್ಲಿಸ್ ಜೀಪಿನ 2,199 ಸಿಸಿ ಎಂಜಿನ್‌ನಲ್ಲಿ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ದಿಮ್ಮಿಯಲ್ಲೇ ಇವೆ. ಅಲ್ಲಿ ಹೆಡ್ ಎಂದರೆ ಒಂದು ದಪ್ಪ ಮುಚ್ಚಳ ಮಾತ್ರ.

ಸಿಲಿಂಡರ್ ಎಷ್ಟು ಸವೆದಿದೆ? ಬೆಲೆಬಾಳುವ ಅಳತೆ ಸಾಧನವಿಲ್ಲದೆಯೂ ಅಂದಾಜು ಸಾಧ್ಯ. ಮೊದಲು ಉಗುರಿನಿಂದ ಸಿಲಿಂಡರಿನ ಮೇಲ್ತುದಿಯನ್ನು ಸವರಬೇಕು. ರಿಂಗು ತಲುಪದ ಜಾಗ ಸವೆಯದೆ ಅಂಚಾಗಿ ಉಳಿದಿರುತ್ತದೆ. ಅಂಚು ದೊಡ್ಡದಿದ್ದರೆ ಸವೆತವೂ ದೊಡ್ಡದು. ಅನಂತರ ಒಂದು ರಿಂಗನ್ನು ಒಮ್ಮೆ ಅಂಚಿನ ಕೆಳಗೆ, ಒಮ್ಮೆ ಸಿಲಿಂಡರಿನ ತಳದ ಹತ್ತಿರ ಸಮನಾಗಿ ಕೂಡಿಸಿ, ಅದರ ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ಅಳೆಯುವುದು. ಎರಡರ ವ್ಯತ್ಯಾಸವನ್ನು ಮೂರರಿಂದ ಭಾಗಿಸಿದರೆ ವ್ಯಾಸದ ಸವೆತ ಸಿಗುತ್ತದೆ. ಸುತ್ತಳತೆ ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚು ಎಂದು ಶಾಲೆಯಲ್ಲಿ ಕಲಿತ ಲೆಕ್ಕವೇ ಇದು. ಬಾಯಿ 12 ಥೌ ಹೆಚ್ಚು ತೆರೆದಿದ್ದರೆ ಸವೆತ ಸುಮಾರು 4 ಥೌ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ.

ಸವೆತ ಅಲ್ಪವಿದ್ದರೆ ಹೊಸ ರಿಂಗು ಸಾಕು. ಹೊಸ ರಿಂಗಿನ ಬಾಯಿಗೆ, ಸಿಲಿಂಡರಿನ ಪ್ರತಿ ಇಂಚು ವ್ಯಾಸಕ್ಕೆ 3ರಿಂದ 4 ಥೌ ಅಂತರ ಬಿಡುವುದು ವಾಡಿಕೆ. ಅಂಬಾಸಡರ್‌ನ 1,489 ಸಿಸಿ ಎಂಜಿನ್ನಿನ ಸಿಲಿಂಡರ್ 73 ಮಿಲಿಮೀಟರ್, ಅಂದರೆ ಮೂರು ಇಂಚಿಗೆ ಸ್ವಲ್ಪ ಕಡಿಮೆ. ಲೆಕ್ಕಕ್ಕೆ 9ರಿಂದ 12 ಥೌ. ಅಂತರ ಬಿಡದಿದ್ದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಮುರಿಯುತ್ತವೆ. ಸವೆತ ಹೆಚ್ಚಿದ್ದರೆ, ಗೀರು ಬಿದ್ದಿದ್ದರೆ ಗದಗ, ಹುಬ್ಬಳ್ಳಿಗಳಂಥ ಊರಿನ ಎಂಜಿನ್ ಬೋರಿಂಗ್ ಅಂಗಡಿಗೆ ಒಯ್ಯದೆ ವಿಧಿಯಿಲ್ಲ. ಅಲ್ಲಿ ಸಿಲಿಂಡರನ್ನು 20, 30 ಅಥವಾ 40 ಥೌ ಹಿಗ್ಗಿಸಿ ಅಷ್ಟೇ ದೊಡ್ಡ ಪಿಸ್ಟನ್ ಹಾಕುತ್ತಾರೆ. ಆದರೆ ಪಿಸ್ಟನ್ ಮೊದಲು ಕೈಗೆ ಬರಬೇಕು, ಬೋರ್ ಆಮೇಲೆ. ಬೋರ್ ಮಾಡಿಸಿ ಕುಳಿತ ಮೇಲೆ ಆ ಅಳತೆಯ ಪಿಸ್ಟನ್ ಸಿಗದೆ ಕೈಬಿಟ್ಟರೆ ಒಳ್ಳೆಯ ಎಂಜಿನ್ನೇ ಗುಜರಿಗೆ ಹೋಗುತ್ತದೆ.

ಬಿಚ್ಚಿದ ಪಿಸ್ಟನ್, ಕನೆಕ್ಟಿಂಗ್ ರಾಡ್, ಅದರ ಟೋಪಿ ಎಲ್ಲಕ್ಕೂ ಸಿಲಿಂಡರಿನ ಸಂಖ್ಯೆ ಬರೆದು, ಯಾವ ಮುಖ ಮುಂದಕ್ಕಿತ್ತು ಎಂಬುದನ್ನೂ ಗುರುತಿಸಿಡಬೇಕು. ಒಂದರ ಟೋಪಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಕಿಡಿ ಮತ್ತು ಪೆಟ್ರೋಲ್

ಯಂತ್ರಭಾಗ ಸರಿಯಾದ ಮೇಲೆ ಉಳಿಯುವುದು ಎರಡೇ ಪ್ರಶ್ನೆ: ಕಿಡಿ ಬರುತ್ತದೆಯೇ, ಇಂಧನ ಬರುತ್ತದೆಯೇ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮೇಲೆ ಕೂತ ಕಿಲುಬನ್ನು ನುಣುಪಾದ ಪಾಲಿಶ್ ಕಾಗದದಿಂದ ಉಜ್ಜಿ, ಅಂತರವನ್ನು ಅಂಬಾಸಡರ್‌ಗಾದರೆ ಸುಮಾರು 15 ಥೌಗೆ ಹೊಂದಿಸಿದರೆ ಎಷ್ಟೋ ಸಲ ಕಿಡಿ ತಾನಾಗಿ ಬರುತ್ತದೆ. ಕಿಡಿ ನೀಲಿಯಾಗಿರಬೇಕು, ಹಳದಿ ಕಿಡಿ ದುರ್ಬಲ. ಕಿಡಿ ಹೊಡೆಯುವ ಸರದಿ ಈ ಮೂರೂ ಗಾಡಿಗಳಲ್ಲಿ 1, 3, 4, 2. ತಂತಿ ಅದಲುಬದಲಾದರೆ ಸೈಲೆನ್ಸರಿನಿಂದ ಗುಂಡಿನ ಸಪ್ಪಳ ಬರುವುದು ಇದಕ್ಕೇ.

ಹಳೆಯ ಟ್ಯಾಂಕಿನ ಪೆಟ್ರೋಲ್ ಆರಿ ಅಂಟಾಗಿ ಕಾರ್ಬ್ಯುರೇಟರಿನ ಸೂಜಿತೂತುಗಳನ್ನು ಮುಚ್ಚಿರುತ್ತದೆ. ಟ್ಯಾಂಕನ್ನೇ ಇಳಿಸಿ ತೊಳೆಯಬೇಕು. ಮೊದಲ ಪ್ರಯೋಗಕ್ಕೆ ಸಣ್ಣ ಡಬ್ಬಿಯಿಂದ ಇಂಧನ ಕೊಡುವುದು ಮೇಲು. ಆ ಡಬ್ಬಿ ಎಂಜಿನ್ನಿನ ಮೇಲಲ್ಲ, ದೂರದಲ್ಲಿ ಗಟ್ಟಿಯಾಗಿ ಕಟ್ಟಿರಬೇಕು, ಕೈಗೆಟಕುವಂತೆ ಒಂದು ಬುಟ್ಟಿ ಮರಳು ಇರಬೇಕು. ಅಂದಿನ ಪೆಟ್ರೋಲಿಗೂ ಇಂದಿನದಕ್ಕೂ ವ್ಯತ್ಯಾಸವಿದೆ. ಸೀಸ ಬೆರೆತ ಪೆಟ್ರೋಲನ್ನು ದೇಶದಾದ್ಯಂತ ನಿಲ್ಲಿಸಿದ್ದು 2000ದ ಫೆಬ್ರುವರಿಯಲ್ಲಿ. ಆ ಸೀಸ ಆರೋಗ್ಯಕ್ಕೆ ವಿಷವಾಗಿದ್ದರೂ ವಾಲ್ವಿನ ಪೀಠ ಸವೆಯದಂತೆ ಕಾಯುತ್ತಿತ್ತು. ಬಿರುಸಾಗಿ ಓಡಿಸುವ ಉದ್ದೇಶವಿದ್ದರೆ ಗಟ್ಟಿ ಉಕ್ಕಿನ ಪೀಠ ಕೂಡಿಸಬೇಕಾಗುತ್ತದೆ. ಹಬ್ಬಕ್ಕೊಮ್ಮೆ ಹೊರಬರುವ ಗಾಡಿಗೆ ಅದು ತುರ್ತಲ್ಲ. ಹೆಚ್ಚು ತುರ್ತಾದದ್ದು ಎಥನಾಲ್. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಮತ್ತು ಬಿರಡೆಯ ಭಾಗಗಳನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪಂಪಿನ ಪೊರೆ, ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವ ಹೊಸ ಮಾಲಿಗೆ ಬದಲಿಸುವುದು ಮೂಲ ರೂಪಕ್ಕೆ ಭಂಗವೇನಲ್ಲ. ಗಾಡಿ ನಿಲ್ಲಿಸುವಾಗ ಕಾರ್ಬ್ಯುರೇಟರನ್ನು ಖಾಲಿ ಮಾಡಿ ಇಡುವ ರೂಢಿಯೂ ಬೇಕು.

ಸ್ಟಾರ್ಟ್ ಮಾಡುವ ದಿನ ಮೊದಲಿಗೆ ಪ್ಲಗ್ ಇಲ್ಲದೆಯೇ ಎಂಜಿನ್ನನ್ನು ತಿರುಗಿಸಿ ಎಣ್ಣೆಯ ಒತ್ತಡ ಏರುವುದನ್ನು ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಮೇಲೇರದೆ ಸ್ಟಾರ್ಟ್ ಮಾಡಿದರೆ ತಿಂಗಳ ಶ್ರಮ ನಿಮಿಷದಲ್ಲಿ ಹಾಳು. ಹ್ಯಾಂಡಲ್ ಹೊಡೆಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಂಜಿನ್ ಹಿಂದಕ್ಕೆ ಒದ್ದಾಗ ಹ್ಯಾಂಡಲ್ ಬೆರಳಿನಿಂದ ಜಾರಿಹೋಗಬೇಕೇ ಹೊರತು ಮಣಿಕಟ್ಟು ಮುರಿಯಬಾರದು. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಬೇಕು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುವುದು ಸಹಜ, ಸಿಲಿಂಡರಿಗೆ ಬಿಟ್ಟ ಎಣ್ಣೆ ಉರಿಯುತ್ತಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ನೀರಿನ ಸೋರಿಕೆ ಹುಡುಕಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ದಿಮ್ಮಿಗೆ ಹಚ್ಚಿ ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಸದ್ದೆಲ್ಲ ಕೇಳುತ್ತದೆ. ವಾಲ್ವಿನ ಟಿಕಟಿಕ ಸಹ್ಯ. ತಳದಿಂದ ಬರುವ ಮಂದ ಬಡಿತ ಬೇರಿಂಗಿನದು, ಅದಕ್ಕೆ ತಕ್ಷಣ ನಿಲ್ಲಿಸಬೇಕು.

ಇಷ್ಟಾದ ಮೇಲೆ ಎಲ್ಲರಿಗೂ ಬಣ್ಣದ ಆತುರ. ಬಣ್ಣ ಬಳಿಯುವ ಮೊದಲು ಎಂಜಿನ್ ದಿಮ್ಮಿಯ ಮೇಲೆ ಕೊರೆದಿರುವ ಅಥವಾ ಸಣ್ಣ ಫಲಕದಲ್ಲಿ ಒತ್ತಿರುವ ಸಂಖ್ಯೆಯನ್ನು ಹುಡುಕಿ, ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಬೇಕು. ಹಳೆಯ ಆರ್‌ಸಿ ಪುಸ್ತಕದ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳುವುದು ಇದನ್ನೇ. ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡರ್ ಹಿಡಿದು ಆ ಸಂಖ್ಯೆಯನ್ನೇ ಉಜ್ಜಿ ಹಾಕಿದರೆ, ಶೆಡ್ಡಿನಲ್ಲಿ ಗುರುಗುಡುತ್ತಿರುವುದು ಹುಟ್ಟಿನ ಎಂಜಿನ್ನೇ ಎಂದು ಸಾಧಿಸಲು ಕೈಯಲ್ಲಿ ಬೇರೆ ಆಧಾರ ಉಳಿದಿರುವುದಿಲ್ಲ.